ಕತ್ತು ತಿರುಗಿಸಲು ಹೆದರುವವರು

ಕೆಲವರನ್ನು ಈಗ ನಾನು ದೂರದಿಂದಲೇ ಗುರುತಿಸುತ್ತೇನೆ. ಹಿಂದಿನಿಂದ ಯಾರಾದರೂ ಕೂಗಿದರೆ ಅವರು ಕತ್ತು ತಿರುಗಿಸುವುದಿಲ್ಲ. ನಿಂತು, ಪಾದ ಎತ್ತಿಟ್ಟು, ಇಡೀ ಮೈಯನ್ನೇ ಆ ಕಡೆ ತಿರುಗಿಸುತ್ತಾರೆ. ಎತ್ತರದಲ್ಲಿರುವ ವಸ್ತುವನ್ನು ಬೇರೆಯವರ ಕೈಲಿ ತೆಗೆಸುತ್ತಾರೆ. ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಬೇಕಾದರೆ ತಲೆ ನೆಟ್ಟಗಿಟ್ಟುಕೊಂಡೇ ಮಂಡಿ ಮಡಚುತ್ತಾರೆ. ನಡೆಯುವಾಗ ಬೆರಳ ತುದಿ ಗೋಡೆಗೆ ತಾಗುತ್ತಿರುತ್ತದೆ. ಕೇಳಿದರೆ 'ಕತ್ತು ನೋವು' ಅಂತಲೋ 'ಸ್ವಲ್ಪ ಸುಸ್ತು' ಅಂತಲೋ ಹೇಳಿ ಸುಮ್ಮನಾಗುತ್ತಾರೆ. ಎಲ್ಲರಿಗೂ ಒಂದೇ ಕಾರಣ ಇರುವುದಿಲ್ಲ, ನಿಜ. ಆದರೆ ಇವರಲ್ಲಿ ಎಷ್ಟೋ ಜನರಿಗೆ ತೊಂದರೆ ಇರುವುದು ಕಿವಿಯೊಳಗೆ.

ಕಿವಿ ಕೈಕೊಟ್ಟು ಆಯ ತಪ್ಪಿದಾಗ ಮನುಷ್ಯನಿಗೆ ಮೊದಲು ತೋಚುವುದು ಅಲುಗಾಡದೆ ಇರುವುದು. ತಲೆ ಅಲುಗಿದರೆ ಲೋಕವೇ ತಿರುಗುತ್ತದೆ ಅಂದಮೇಲೆ ಯಾರು ತಾನೇ ಅಲುಗುತ್ತಾರೆ? ಅದು ಸಹಜ. ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿರುವುದು ಏನೆಂದರೆ, ಆ ಸಹಜ ಬುದ್ಧಿಯೇ ಇಲ್ಲಿ ನಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಅಲುಗದೆ ಕೂತರೆ ಕಾಯಿಲೆ ಯಾವುದೆಂದು ಗೊತ್ತಾಗುವುದೂ ತಡ, ಗೊತ್ತಾದ ಮೇಲೆ ಚೇತರಿಸಿಕೊಳ್ಳುವುದೂ ತಡ. ಇದನ್ನು ಇಬ್ಬರಲ್ಲಿ ನಾನು ಹತ್ತಿರದಿಂದ ನೋಡಿದ್ದೇನೆ.

ಬಲ ಮಗ್ಗುಲು

ದೊಡ್ಡಮ್ಮನಿಗೆ ಅದು ಶುರುವಾಗಿದ್ದು ಬೆಳಗಿನ ಜಾವ. ನಿದ್ದೆಗಣ್ಣಲ್ಲಿ ಬಲಕ್ಕೆ ಹೊರಳಿದ್ದಾರೆ, ಅಷ್ಟೇ. ಕೋಣೆ ಗಿರ್ರನೆ ತಿರುಗಿತು, ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ ಅಂದರು. ಕೂಗಲೂ ಆಗಲಿಲ್ಲವಂತೆ. ಒಂದು ನಿಮಿಷದೊಳಗೆ ಎಲ್ಲ ನಿಂತಿತು, ವಾಕರಿಕೆ ಮಾತ್ರ ಸುಮಾರು ಹೊತ್ತು ಉಳಿಯಿತು. ಮತ್ತೆ ಮತ್ತೆ ಹೀಗಾದ ಮೇಲೆ ಅವರು ಬಲ ಮಗ್ಗುಲಿಗೆ ಮಲಗುವುದನ್ನೇ ಬಿಟ್ಟರು. ದಿಂಬಿನ ಮೇಲೆ ದಿಂಬು ಪೇರಿಸಿ ಅರ್ಧ ಕೂತೇ ನಿದ್ದೆ ಮಾಡತೊಡಗಿದರು. ಬಗ್ಗುವುದು ಬಿಟ್ಟರು. ಮೇಲೆ ನೋಡುವುದು ಬಿಟ್ಟರು. ಹೀಗೆ ಒಂದೊಂದನ್ನೇ ಬಿಡುತ್ತಾ ಹೋದ ಹಾಗೆ ತಲೆ ಸುತ್ತುವುದು ಕಡಿಮೆಯಾಯಿತು. 'ಈಗ ಪರವಾಗಿಲ್ಲ' ಅಂತ ಎಲ್ಲರಿಗೂ ಹೇಳಿದರು. ಕಡಿಮೆಯಾಗಿದ್ದು ಅವರ ಓಡಾಟ.

ಬಿ.ಪಿ. ನೋಡಿಸಿದ್ದಾಯಿತು, ಶುಗರ್ ನೋಡಿಸಿದ್ದಾಯಿತು, ರಕ್ತ ಪರೀಕ್ಷೆಯೂ ಆಯಿತು. ಎಲ್ಲ ಸರಿಯಾಗಿತ್ತು. ಕತ್ತಿನ ಎಕ್ಸ್-ರೇಯಲ್ಲಿ ಮೂಳೆ ಸವೆದಿರುವುದು ಕಾಣಿಸಿತು. ಆ ವಯಸ್ಸಿನಲ್ಲಿ ಯಾರ ಕತ್ತಿನ ಎಕ್ಸ್-ರೇ ತೆಗೆದರೂ ಹೆಚ್ಚು ಕಡಿಮೆ ಅದು ಕಾಣುತ್ತದೆ. ಅದಕ್ಕೊಂದು ಕಾಲರ್ ಬಂತು. ಕಾಲರ್ ಹಾಕಿಕೊಂಡ ಮೇಲೆ ಕತ್ತು ಇನ್ನಷ್ಟು ಬಿಗಿಯಾಯಿತು. ಜೊತೆಗೆ ಕೊಟ್ಟ ಮಾತ್ರೆಯಿಂದ ಇಡೀ ದಿನ ಮಂಪರು.

ಆಮೇಲೆ ಹೋಗಿದ್ದು ಒಬ್ಬ ಇಎನ್‌ಟಿ ಡಾಕ್ಟರ ಹತ್ತಿರ. ಆ ಅರ್ಧ ಗಂಟೆ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಅವರು ಎಕ್ಸ್-ರೇ ಲಕೋಟೆಯನ್ನು ಬಿಚ್ಚಲಿಲ್ಲ. 'ಏನು ಮಾಡಿದಾಗ ಬರುತ್ತೆ ಅಮ್ಮಾ?' ಅಂತ ಕೇಳಿದರು. ದೊಡ್ಡಮ್ಮ 'ಯಾವಾಗಲೂ' ಅಂದರು. 'ಈಗ ಇಲ್ಲಿ ಕೂತಿದ್ದೀರಲ್ಲ, ಈಗಲೂ ಸುತ್ತುತ್ತಾ ಇದೆಯಾ?' 'ಇಲ್ಲ.' 'ಹಾಗಾದರೆ ಯಾವಾಗ?' ದೊಡ್ಡಮ್ಮ ಸ್ವಲ್ಪ ಯೋಚಿಸಿ 'ಮಲಗುವಾಗ, ಬಲಕ್ಕೆ ತಿರುಗಿದರೆ' ಅಂದರು. ಎಷ್ಟು ಹೊತ್ತು ಇರುತ್ತೆ, ಕಿವಿ ಮೊದಲಿನ ಹಾಗೇ ಕೇಳಿಸುತ್ತಾ, ಒಳಗೆ ಗುಂಯ್ ಅನ್ನುತ್ತಾ ಅಂತ ಕೇಳಿದರು. ಅಷ್ಟೇ ಪ್ರಶ್ನೆ. ಆಮೇಲೆ ಮೇಜಿನ ಮೇಲೆ ಕೂರಿಸಿ, ಮುಖವನ್ನು ಬಲಕ್ಕೆ ತಿರುಗಿಸಿ, 'ಏನಾದರೂ ಆಗಲಿ, ಕಣ್ಣು ಮಾತ್ರ ಮುಚ್ಚಬೇಡಿ' ಅಂತ ಹೇಳಿ, ತಲೆ ಮೇಜಿನ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಯುವ ಹಾಗೆ ಬೇಗನೆ ಮಲಗಿಸಿದರು.

ಒಂದೆರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ದೊಡ್ಡಮ್ಮನ ಕಣ್ಣುಗುಡ್ಡೆಗಳು ತಾವಾಗಿಯೇ ಹೊರಳತೊಡಗಿದವು. ಜಗ್ಗಿ ಜಗ್ಗಿ, ಮೇಲಕ್ಕೂ ಪಕ್ಕಕ್ಕೂ ಸುತ್ತುತ್ತಾ. ಅವರು ಡಾಕ್ಟರ ತೋಳನ್ನು ಗಟ್ಟಿಯಾಗಿ ಹಿಡಿದಿದ್ದರು. ಡಾಕ್ಟರು ನನ್ನನ್ನು ಹತ್ತಿರ ಕರೆದು ತೋರಿಸಿದರು. ಅಲ್ಲಿಯವರೆಗೆ ಯಾರಿಗೂ ಕಾಣದ, ಬಾಯಿಮಾತಲ್ಲಿ ಮಾತ್ರ ಇದ್ದ ಒಂದು ಸಂಕಟ ಅಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಡೆಯುತ್ತಿತ್ತು. ಅರ್ಧ ನಿಮಿಷದಲ್ಲಿ ನಿಂತೂ ಹೋಯಿತು. ಅಷ್ಟು ದಿನ ಜೋಪಾನವಾಗಿ ತಪ್ಪಿಸಿಕೊಂಡು ಬಂದಿದ್ದ ಆ ಒಂದು ಚಲನೆಯೇ ಉತ್ತರವನ್ನು ಹಿಡಿದುಕೊಂಡಿತ್ತು.

ಜಾಗ ಬಿಟ್ಟ ಹರಳು

ಪ್ರತಿ ಕಿವಿಯ ಒಳಗೆ ಕೇಳುವ ಭಾಗದ ಪಕ್ಕದಲ್ಲೇ ಸಮತೋಲನದ ಭಾಗವಿದೆ. ಮೂರು ಅರ್ಧವೃತ್ತದ ನಾಳಗಳು, ಎರಡು ಪುಟ್ಟ ಚೀಲಗಳು. ನಾಳಗಳಲ್ಲಿ ದ್ರವ ತುಂಬಿದೆ. ನೀರು ತುಂಬಿದ ಚೊಂಬನ್ನು ಗಕ್ಕನೆ ತಿರುಗಿಸಿದರೆ ಚೊಂಬು ತಿರುಗುತ್ತದೆ, ಒಳಗಿನ ನೀರು ಒಂದು ಕ್ಷಣ ಹಿಂದೆ ಉಳಿಯುತ್ತದೆ ಅಲ್ವಾ? ಇಲ್ಲೂ ಹಾಗೇ. ತಲೆ ತಿರುಗಿದಾಗ ಹಿಂದೆ ಉಳಿದ ದ್ರವ ಒಂದು ಮೆತ್ತನೆಯ ಪರದೆಯನ್ನು ಬಾಗಿಸುತ್ತದೆ. ಅದರೊಳಗಿನ ಕೂದಲಿನಂಥ ಎಳೆಗಳಿರುವ ಕೋಶಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ಮೂರು ನಾಳ ಮೂರು ದಿಕ್ಕಿಗೆ ಇರುವುದರಿಂದ ತಲೆ ಹೇಗೆ ತಿರುಗಿದರೂ ತಿಳಿಯುತ್ತದೆ. ಎರಡು ಚೀಲಗಳ ಕೆಲಸ ಬೇರೆ. ನೇರವಾಗಿ ಮುಂದೆ ಹೋಗುವುದು, ಲಿಫ್ಟಿನಲ್ಲಿ ಮೇಲೇರುವುದು, ತಲೆ ಒಂದು ಕಡೆ ವಾಲುವುದು, ಇವನ್ನು ಅವು ಗುರುತಿಸುತ್ತವೆ. ಅದಕ್ಕಾಗಿ ಅವುಗಳ ಅಂಟಾದ ಹೊದಿಕೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಕೂತಿರುತ್ತವೆ. ಒಂದು ಮಿಲಿಮೀಟರ್‌ನ ನೂರರಲ್ಲಿ ಒಂದು ಪಾಲಿನ ಆಸುಪಾಸಿನ ಗಾತ್ರ.

ಆ ಹರಳು ಕಳಚಿ ನಾಳದೊಳಗೆ ಸೇರಿಕೊಂಡರೆ ದೊಡ್ಡಮ್ಮನಿಗೆ ಆಗಿದ್ದು ಆಗುತ್ತದೆ. ಮಲಗಿದಾಗ ಹರಳು ಜಾರುತ್ತದೆ, ಜೊತೆಗೆ ದ್ರವವನ್ನೂ ಎಳೆಯುತ್ತದೆ. ತಲೆ ನಿಂತ ಮೇಲೂ ತಿರುಗುತ್ತಲೇ ಇದೆ ಅಂತ ಆ ಕಿವಿ ವರದಿ ಮಾಡುತ್ತದೆ. ಹರಳು ತಳ ಸೇರಿದ ಕೂಡಲೇ ಎಲ್ಲ ಶಾಂತ. ಅದಕ್ಕೇ ಒಂದು ನಿಮಿಷದ ಲೆಕ್ಕ. ತಲೆಯ ಭಂಗಿ ಬದಲಾದಾಗ ಗಕ್ಕನೆ ಬಂದು ಹೋಗುವ ಈ ತಲೆಸುತ್ತನ್ನು ವೈದ್ಯರು ಬಿಪಿಪಿವಿ ಅನ್ನುತ್ತಾರೆ. ಐವತ್ತು ದಾಟಿದವರಲ್ಲಿ ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ತಲೆಗೆ ಪೆಟ್ಟು ಬಿದ್ದ ಮೇಲೂ ಬರಬಹುದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ.

ಇದನ್ನು 1921ರಲ್ಲಿ ಬರೆದಿಟ್ಟವರು ರಾಬರ್ಟ್ ಬಾರಾನಿ. ವಿಯೆನ್ನಾದಲ್ಲಿ ಕಿವಿ ವೈದ್ಯರಾಗಿದ್ದಾಗ ಅವರು ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುತ್ತಿದ್ದರು. ನೀರು ತಣ್ಣಗಿದ್ದರೆ ತಲೆ ಸುತ್ತುತ್ತದೆ, ಕಣ್ಣು ಒಂದು ದಿಕ್ಕಿಗೆ ಜಗ್ಗುತ್ತದೆ. ಬಿಸಿ ಜಾಸ್ತಿಯಾದರೆ ಅದೇ ಕಣ್ಣು ಎದುರು ದಿಕ್ಕಿಗೆ ಜಗ್ಗುತ್ತದೆ. ಒಂದೊಂದು ಕಿವಿಯ ಸಮತೋಲನದ ಭಾಗವನ್ನು ಬೇರೆ ಬೇರೆಯಾಗಿ ಪರೀಕ್ಷಿಸುವ ದಾರಿ ಅಲ್ಲಿಂದ ಸಿಕ್ಕಿತು, ಇವತ್ತಿಗೂ ಅದು ಬಳಕೆಯಲ್ಲಿದೆ. 1914ರ ನೊಬೆಲ್ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದರು. ದೊಡ್ಡಮ್ಮನನ್ನು ಮಲಗಿಸಿ ಕಣ್ಣು ನೋಡಿದ ಪರೀಕ್ಷೆ 1952ರದ್ದು, ಡಿಕ್ಸ್ ಮತ್ತು ಹಾಲ್‌ಪೈಕ್ ಅನ್ನುವ ಇಬ್ಬರದ್ದು. ಹರಳನ್ನು ವಾಪಸ್ ಕಳಿಸುವ ಚಲನೆಗಳನ್ನು ಜಾನ್ ಎಪ್ಲೆ ಅನ್ನುವ ಅಮೆರಿಕದ ಕಿವಿ ವೈದ್ಯರು 1992ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ವರ್ಷಗಟ್ಟಲೆ ಅವರ ಮಾತನ್ನು ಜೊತೆಯವರು ನಂಬಿರಲಿಲ್ಲ. ನಂಬದೆ ಇದ್ದದ್ದು ಆಶ್ಚರ್ಯವೇನಲ್ಲ. ಔಷಧಿ ಇಲ್ಲ, ಉಪಕರಣ ಇಲ್ಲ. ಕೆಟ್ಟ ಕಿವಿಯ ಕಡೆಗೆ ಮುಖ ಮಾಡಿ ಮಲಗಿಸುವುದು, ಸ್ವಲ್ಪ ಕಾಯುವುದು, ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸುವುದು, ಕಾಯುವುದು, ಮೈಯನ್ನೂ ಆ ಕಡೆಗೇ ಹೊರಳಿಸಿ ಮುಖವನ್ನು ನೆಲದ ಕಡೆಗೆ ತರುವುದು, ಕಾಯುವುದು, ಎಬ್ಬಿಸಿ ಕೂರಿಸುವುದು. ಹರಳು ನಾಳದ ಉದ್ದಕ್ಕೂ ಉರುಳಿ ಹೊರಗೆ ಬರುತ್ತದೆ. ಅಲುಗಿದರೆ ಬರುವ ಕಾಯಿಲೆಗೆ ಅಲುಗಿಸುವುದೇ ಮದ್ದು. ದೊಡ್ಡಮ್ಮನಿಗೆ ಅದನ್ನು ಅಲ್ಲೇ ಮಾಡಿ, ಮತ್ತೆ ಮಲಗಿಸಿ ನೋಡಿದರು. ಕಣ್ಣು ಕದಲಲಿಲ್ಲ.

ಹರಳು ಹೋದ ಮೇಲೆ

ಎಲ್ಲ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದೊಡ್ಡಮ್ಮ ಆಮೇಲೂ ದಿಂಬು ಪೇರಿಸಿಯೇ ಮಲಗಿದರು. ಕತ್ತು ಬಿಗಿ ಹಿಡಿದೇ ನಡೆದರು. 'ತಲೆ ಸುತ್ತುತ್ತಾ?' ಅಂದರೆ 'ಇಲ್ಲ, ಆದರೆ ಸುತ್ತಬಹುದು' ಅನ್ನುತ್ತಿದ್ದರು. ಹರಳು ವಾಪಸ್ ಹೋದ ಮೇಲೂ ಕೆಲವರಿಗೆ ಕೆಲವು ದಿನ ಅಥವಾ ವಾರ ತಲೆ ಹಗುರವಾದಂತೆ, ಕಾಲು ನೆಲದ ಮೇಲೆ ಸರಿಯಾಗಿ ಊರದಂತೆ ಇರುವುದು ಉಂಟು. ದೊಡ್ಡಮ್ಮನದು ಅದಕ್ಕಿಂತ ಬಹಳ ದಿನ ನಡೆಯಿತು. ಮನೆಯವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಡಾಕ್ಟರು ವಾಸಿಯಾಗಿದೆ ಅಂದರಲ್ಲ, ಇನ್ಯಾಕೆ ಹೆದರಿಕೆ ಅಂತ ಕೇಳುತ್ತಿದ್ದರು.

ನನಗೆ ಅದು ಅರ್ಥವಾಗತೊಡಗಿದ್ದು ಸಮತೋಲನ ಎಷ್ಟು ಸದ್ದಿಲ್ಲದೆ ಕೆಲಸ ಮಾಡುತ್ತದೆ ಅನ್ನುವುದನ್ನು ಓದಿ ತಿಳಿದ ಮೇಲೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಈ ಸಾಲನ್ನೇ ಓದುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಆಡಿಸಿ. ಅಕ್ಷರಗಳು ನಿಂತೇ ಇರುತ್ತವೆ. ಈಗ ತಲೆ ನಿಲ್ಲಿಸಿ, ಫೋನನ್ನು ಅದೇ ವೇಗದಲ್ಲಿ ಆಡಿಸಿ. ಓದಲು ಆಗುವುದಿಲ್ಲ. ತಲೆ ಆಡಿದಾಗ ಕಿವಿಯ ಸುದ್ದಿ ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣಿನ ಸ್ನಾಯುಗಳನ್ನು ತಲುಪಿ ಕಣ್ಣನ್ನು ಅಷ್ಟೇ ಎದುರು ದಿಕ್ಕಿಗೆ ಸರಿಸುತ್ತದೆ. ಕಣ್ಣೇ ನೋಡಿ, ಲೆಕ್ಕ ಹಾಕಿ, ಹಿಂಬಾಲಿಸಬೇಕಾದರೆ ಅದರ ಹತ್ತು ಪಟ್ಟು ಹೊತ್ತು ಬೇಕು. ನಡೆಯುವಾಗ ದಾರಿ ಕುಣಿಯದೆ ಇರುವುದು, ಎದುರಿಗೆ ಬರುವವರ ಮುಖ ಗುರುತು ಸಿಗುವುದು, ಎಲ್ಲ ಇದರಿಂದಲೇ.

ಇದು ಪೂರ್ತಿ ಇಲ್ಲವಾದರೆ ಏನಾಗುತ್ತದೆ ಅನ್ನುವುದನ್ನು 1952ರಲ್ಲಿ ಒಬ್ಬ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದಿದ್ದಾರೆ. ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಅವರ ಎರಡೂ ಒಳಕಿವಿಗಳ ಸಮತೋಲನದ ಭಾಗ ಹಾಳಾಗಿತ್ತು. ಹಾಸಿಗೆಯಲ್ಲಿ ಮಲಗಿ ಓದಲು ಹೋದರೆ ನಾಡಿ ಬಡಿತಕ್ಕೇ ಅಕ್ಷರಗಳು ಜಿಗಿಯುತ್ತಿದ್ದವು. ಮಂಚದ ತಲೆಕಡೆಯ ಕಬ್ಬಿಣದ ಸರಳುಗಳ ನಡುವೆ ತಲೆಯನ್ನು ಒತ್ತಿಹಿಡಿದು ಅವರು ಓದುತ್ತಿದ್ದರು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಎದೆ ಬಡಿತಕ್ಕೆ ತಲೆ ಅಲುಗುತ್ತದೆ ಅನ್ನುವುದೇ ನಮಗೆ ಗೊತ್ತಿಲ್ಲ. ಅಷ್ಟು ಸಣ್ಣ ಅಲುಗಾಟವನ್ನೂ ಜೀವನಪೂರ್ತಿ ಒಂದು ಅಂಗ ಸರಿಪಡಿಸುತ್ತಾ ಇರುತ್ತದೆ. ಜೆಂಟಮೈಸಿನ್ ಅನ್ನುವ ಇಂಜೆಕ್ಷನ್ ಕೂಡ ಇದೇ ಹಾನಿ ಮಾಡಬಲ್ಲದು. ಅದು ಜೀವ ಉಳಿಸುವ ಔಷಧಿಯೂ ಹೌದು. ಆ ಚಿಕಿತ್ಸೆ ನಡೆಯುವಾಗ ನಡಿಗೆ ಓಲಾಡಿದರೆ ಅದನ್ನು ಜ್ವರದ ನಿಶ್ಶಕ್ತಿ ಅಂತ ಬಿಡದೆ ತಕ್ಷಣ ಹೇಳಬೇಕು. ಸತ್ತ ಆ ಕೋಶಗಳು ಮನುಷ್ಯರಲ್ಲಿ ಮೊದಲಿನಂತೆ ಮತ್ತೆ ಹುಟ್ಟುವುದಿಲ್ಲ.

ಅಷ್ಟು ವರ್ಷ ಒಂದು ದಿನವೂ ಗಮನಕ್ಕೆ ಬರದೆ ದುಡಿದದ್ದು ಒಂದು ಬೆಳಗಿನ ಜಾವ ಯಾವ ಮುನ್ಸೂಚನೆಯೂ ಕೊಡದೆ ಕೈಬಿಟ್ಟರೆ, ಮತ್ತೆ ಅದನ್ನು ನಂಬುವುದು ಒಂದೇ ಸಲಕ್ಕೆ ಆಗುತ್ತದೆಯೇ? ದೊಡ್ಡಮ್ಮನ ಹೆದರಿಕೆಯಲ್ಲಿ ನನಗೆ ಯಾವ ಹಟವೂ ಕಾಣಲಿಲ್ಲ. ಅದನ್ನು ಯಾರೂ ಚಿಕಿತ್ಸೆಯ ಒಂದು ಭಾಗ ಅಂತ ಎಣಿಸಿರಲಿಲ್ಲ, ಅಷ್ಟೇ. ಕೊನೆಗೆ ಅಕ್ಕ ಒಂದು ದಾರಿ ಹುಡುಕಿದಳು. ಸಂಜೆ ಹೊತ್ತು ದೊಡ್ಡಮ್ಮನ ಪಕ್ಕ ಕೂತು, ದಿಂಬುಗಳಲ್ಲಿ ಒಂದನ್ನು ತೆಗೆಯುತ್ತಿದ್ದಳು. ಕೆಲವು ದಿನ ಬಿಟ್ಟು ಇನ್ನೊಂದು. ಕೈ ಹಿಡಿದುಕೊಂಡು ನಿಧಾನವಾಗಿ ಬಲಕ್ಕೆ ಹೊರಳಿಸುತ್ತಿದ್ದಳು. 'ಏನೂ ಆಗಲಿಲ್ಲ ಅಲ್ವಾ?' 'ಹೂಂ, ಏನೂ ಆಗಲಿಲ್ಲ.' ಅಷ್ಟು ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಒಂದು ಕಿವಿ ಸುಮ್ಮನಾದಾಗ

ಇನ್ನೊಬ್ಬರು ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ. ಆರೋಗ್ಯವಂತ, ಓಡುವ ಅಭ್ಯಾಸ ಇದ್ದವನು. ಒಂದು ದಿನ ತಲೆ ಸುತ್ತು ಶುರುವಾಗಿ ನಿಲ್ಲಲೇ ಇಲ್ಲ. ಹರಳಿನ ಕಥೆಯಲ್ಲಿ ನಿಮಿಷದ ಲೆಕ್ಕ ಇದ್ದರೆ ಇದು ದಿನಗಳ ಲೆಕ್ಕ. ಕಣ್ಣು ತೆರೆದರೆ ಗೋಡೆ ಒಂದೇ ಕಡೆಗೆ ಸರಿಯುತ್ತಾ ಇರುತ್ತಿತ್ತು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಸಮತೋಲನದ ನರದ ಉರಿಯೂತ, ವೆಸ್ಟಿಬ್ಯುಲರ್ ನ್ಯೂರೈಟಿಸ್ ಅಂದರು. ಬಹಳ ಸಲ ವೈರಸ್ ಕಾರಣ ಎಂದು ಭಾವಿಸಲಾಗುತ್ತದೆ.

ತಲೆ ನಿಂತಿದ್ದಾಗಲೂ ಎರಡೂ ಕಿವಿಗಳು ಮಿದುಳಿಗೆ ಸಂಕೇತ ಕಳಿಸುತ್ತಲೇ ಇರುತ್ತವೆ. ಎರಡೂ ಸಮ ಇದ್ದರೆ 'ನಿಂತಿದ್ದೇನೆ' ಅಂತ ಅರ್ಥ. ಒಂದು ಕಡೆಯದು ನಿಂತುಹೋದರೆ ಮಿದುಳು ಆ ವ್ಯತ್ಯಾಸವನ್ನು ಸದಾ ನಡೆಯುವ ತಿರುಗಾಟ ಅಂತ ಓದಿಕೊಳ್ಳುತ್ತದೆ. ಆ ನರ ಎಷ್ಟೋ ಸಲ ಪೂರ್ತಿ ಸರಿಹೋಗುವುದಿಲ್ಲ. ಆದರೂ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಹೇಗೆಂದರೆ ಮಿದುಳು ಹೊಸ ಲೆಕ್ಕ ಕಲಿಯುತ್ತದೆ. ಒಂದು ಕಿವಿಯ ಸುದ್ದಿ, ಕಣ್ಣಿನ ಸುದ್ದಿ, ಪಾದ ಮತ್ತು ಕೀಲುಗಳ ಸುದ್ದಿ ಸೇರಿಸಿಕೊಂಡು ನೆಟ್ಟಗೆ ನಿಲ್ಲಿಸುತ್ತದೆ. ಕಲಿಯಬೇಕಾದರೆ ತಪ್ಪು ಕಾಣಬೇಕು. ತಲೆ ತಿರುಗಿಸಿದಾಗ ದೃಶ್ಯ ಜಾರಿದರೆ ಮಾತ್ರ ಎಲ್ಲಿ ಸರಿಪಡಿಸಬೇಕೆಂದು ಅದಕ್ಕೆ ಗೊತ್ತಾಗುತ್ತದೆ. ಮಲಗೇ ಇದ್ದರೆ ಜಾರುವುದೂ ಇಲ್ಲ, ಕಲಿಯುವುದೂ ಇಲ್ಲ. ತಲೆಸುತ್ತಿನ ಮಾತ್ರೆಗಳು ಮೊದಲ ಎರಡು ಮೂರು ದಿನ ದೊಡ್ಡ ಉಪಕಾರ ಮಾಡುತ್ತವೆ. ಅವನ್ನೇ ವಾರಗಟ್ಟಲೆ ನುಂಗಿದರೆ ಮಿದುಳಿನ ಈ ಕಲಿಕೆಯನ್ನೂ ಮಂಕು ಮಾಡುತ್ತವೆ. ತಿಂಗಳುಗಟ್ಟಲೆ ಅವನ್ನು ಬಿಡದೆ ತೆಗೆದುಕೊಳ್ಳುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಡಾಕ್ಟರನ್ನು ಮತ್ತೊಮ್ಮೆ ಕೇಳಿ ಅಂತ ಹೇಳದೆ ಇರಲು ಆಗುವುದಿಲ್ಲ.

ಗೆಳೆಯನಿಗೆ ಫಿಸಿಯೋಥೆರಪಿಸ್ಟ್ ಕೊಟ್ಟ ಕೆಲಸ ಕೇಳಲು ಸುಲಭ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಅದನ್ನೇ ನೋಡುತ್ತಾ ತಲೆ ಆಡಿಸುವುದು. ಉದ್ದನೆಯ ಕಾರಿಡಾರಿನಲ್ಲಿ ನಡೆಯುತ್ತಾ ಎಡ ಬಲ ನೋಡುವುದು. ಮೆತ್ತನೆಯ ದಿಂಬಿನ ಮೇಲೆ ನಿಂತು ಕಣ್ಣು ಮುಚ್ಚುವುದು. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥೋರ್ನ್ ಮತ್ತು ಕುಕ್ಸಿ ಅನ್ನುವವರು ತಲೆಗೆ ಪೆಟ್ಟಾದ ಸೈನಿಕರಿಗಾಗಿ ರೂಪಿಸಿದ ವ್ಯಾಯಾಮಗಳಿಂದ ಬೆಳೆದುಬಂದ ಪದ್ಧತಿ ಇದು. ನಾನು ಅವನ ಜೊತೆ ಆ ಕಾರಿಡಾರಿನಲ್ಲಿ ನಡೆದಿದ್ದೇನೆ. ಬಲಕ್ಕೆ ತಿರುಗಿದಾಗೆಲ್ಲ ಅವನ ಹೆಜ್ಜೆ ಎಡಕ್ಕೆ ಜಾರುತ್ತಿತ್ತು. ಮುಖ ಬಿಳಿಚಿಕೊಳ್ಳುತ್ತಿತ್ತು. ಹಣೆಯ ಮೇಲೆ ಬೆವರು. 'ನಿಲ್ಲಿಸೋಣ್ವಾ?' ಅಂದರೆ 'ಬೇಡ, ಈಗ ಸುತ್ತುತ್ತಾ ಇದೆ ಅಂದರೆ ಕೆಲಸ ನಡೀತಾ ಇದೆ ಅಂತ' ಅಂದ. ಅಂಥ ಧೈರ್ಯಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನೋಡಿದವರಿಗೆ ಕಾಣುವುದು ಕಾರಿಡಾರಿನಲ್ಲಿ ವಿಚಿತ್ರವಾಗಿ ತಲೆ ಆಡಿಸುತ್ತಾ ಹೋಗುವ ಒಬ್ಬ ಮನುಷ್ಯ ಮಾತ್ರ. ಈಗ ಅವನು ಮತ್ತೆ ಓಡುತ್ತಾನೆ. ಕತ್ತಲಲ್ಲಿ, ಏರುತಗ್ಗಿನ ನೆಲದ ಮೇಲೆ ಮಾತ್ರ ನಿಧಾನ. ಅಲ್ಲಿ ಕಣ್ಣಿನ ನೆರವೂ ಪಾದದ ನೆರವೂ ಒಟ್ಟಿಗೆ ಕಡಿಮೆಯಾಗುತ್ತವೆ.

ಪ್ರಶ್ನೆಗಳು

ಎಲ್ಲ ತಲೆ ಸುತ್ತೂ ಕಿವಿಯದ್ದಲ್ಲ, ಕಿವಿಯದ್ದೆಲ್ಲ ಒಂದೇ ಬಗೆಯದೂ ಅಲ್ಲ. ಇಪ್ಪತ್ತು ನಿಮಿಷದಿಂದ ಕೆಲವು ಗಂಟೆಗಳವರೆಗೆ ತಲೆ ಸುತ್ತಿ, ಜೊತೆಗೆ ಒಂದು ಕಿವಿ ಕಟ್ಟಿದಂತಾಗಿ, ಗುಂಯ್ಗುಟ್ಟಿ, ಮಂದವಾದರೆ ಅದು ಮೆನಿಯರ್ ಕಾಯಿಲೆ ಇರಬಹುದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪ್ರಾಸ್ಪರ್ ಮೆನಿಯರ್ ಇಂಥ ತಲೆಸುತ್ತಿನ ಮೂಲ ಒಳಕಿವಿ ಅಂತ ಮಂಡಿಸಿದರು. ಅಲ್ಲಿಯವರೆಗೆ ಅದನ್ನು ಮಿದುಳಿಗೆ ರಕ್ತ ಏರಿದ ರೋಗ ಅಂತ ತಿಳಿಯಲಾಗುತ್ತಿತ್ತು. ಅದರ ಮರುವರ್ಷವೇ ಅವರು ತೀರಿಕೊಂಡರು. ಮೈಗ್ರೇನ್ ಇರುವವರಿಗೆ ತಲೆನೋವೇ ಇಲ್ಲದೆ ತಲೆ ಸುತ್ತು ಬರುವುದೂ ಉಂಟು. ಕಿವಿ ಸೋರುವುದನ್ನು ವರ್ಷಗಟ್ಟಲೆ ನಿರ್ಲಕ್ಷಿಸಿದರೆ ಒಳಗಿನ ಮೂಳೆಯೇ ಕರಗಿ ನಾಳದವರೆಗೆ ತೂತಾಗಬಹುದು. ಇನ್ನು ತಲೆ ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಮುಖ ಅಥವಾ ಕೈಕಾಲು ಸೋತರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ ಕಿವಿಯ ಮಾತು ಆಮೇಲೆ. ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮಕ್ಕಳ ವಿಷಯ ನನ್ನನ್ನು ಬೇರೆಯಾಗಿ ಕಾಡುತ್ತದೆ. ಚಿಕ್ಕ ಮಗುವಿಗೆ ತಲೆ ಸುತ್ತುತ್ತಿದೆ ಅಂತ ಹೇಳಲು ಬರುವುದಿಲ್ಲ. ನಡುಕಿವಿಯಲ್ಲಿ ದ್ರವ ತುಂಬಿಕೊಂಡ ಕೆಲವು ಮಕ್ಕಳು ಎಡವುತ್ತಾರೆ, ಪದೇ ಪದೇ ಬೀಳುತ್ತಾರೆ. ದೊಡ್ಡವರು ಅದನ್ನು ತುಂಟತನ, ಗಮನವಿಲ್ಲದ ನಡಿಗೆ ಅನ್ನುತ್ತಾರೆ. ವಯಸ್ಸಾದವರದ್ದು ಇನ್ನೊಂದು ಕಥೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿವಿ ಸ್ವಲ್ಪ ಮಂದವಾದವರಲ್ಲೂ ಬಿದ್ದಿರುವ ಸಾಧ್ಯತೆ ಸುಮಾರು ಮೂರು ಪಟ್ಟು ಕಂಡಿತ್ತು. ಕಿವಿ ಮಂದವಾದದ್ದರಿಂದಲೇ ಬಿದ್ದರು ಅಂತ ಆ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೂ ಮನೆಯಲ್ಲಿ ಹಿರಿಯರೊಬ್ಬರು ಬಿದ್ದಾಗ ಮೂಳೆ ಮುರಿದಿದೆಯೇ ಅಂತ ನೋಡುತ್ತೇವೆ, ನೆಲ ಜಾರುತ್ತಿತ್ತೇ ಅಂತ ಕೇಳುತ್ತೇವೆ. ಕಿವಿಯನ್ನು ಯಾರೂ ಕೇಳುವುದಿಲ್ಲ.

ಹರಳಿನ ತೊಂದರೆ ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪವಲ್ಲ. ದೊಡ್ಡಮ್ಮನಿಗೂ ಮತ್ತೆ ಬಂತು. ಈ ಸಲ ಅವರು ದಿಂಬು ಪೇರಿಸಲಿಲ್ಲ. ಮಂಚದ ಮೇಲೆ ಕೂತು, ಅಕ್ಕನನ್ನು ಪಕ್ಕದಲ್ಲಿ ಇಟ್ಟುಕೊಂಡು, ಬೇಕಂತಲೇ ಎಡಕ್ಕೆ ಮಲಗಿ ನೋಡಿದರು. ಏನೂ ಇಲ್ಲ. ಎದ್ದು ಕೂತು ಸುಧಾರಿಸಿಕೊಂಡು ಬಲಕ್ಕೆ ಮಲಗಿದರು. ಕಣ್ಣು ಮುಚ್ಚದೆ, ಪೂರ್ತಿ ನಿಲ್ಲುವವರೆಗೆ ಕಾದರು. ಮಾರನೇ ದಿನ ಅದೇ ಡಾಕ್ಟರ ಎದುರು ಕೂತಾಗ, ಡಾಕ್ಟರು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಹೇಳಿದರು: 'ಬಲಗಡೆ. ಮಲಗಿದಾಗ ಮಾತ್ರ. ಅರ್ಧ ನಿಮಿಷ ಇರುತ್ತೆ. ಕಿವಿ ಮೊದಲಿನ ಹಾಗೇ ಕೇಳುತ್ತೆ. ಮೇಜು ಹತ್ತಲಾ?'